ಅಮಲ್ದಾರನ ಸೊಂಟ

ಹುತ್ತೂರು ಹೋಬಳಿಯಲ್ಲಿ ರೇಷ್ಮೆ ಹುಳದ ಮುಖ ನೋಡಿ ಅದರ ಮನಸ್ಸು ಹೇಳಬಲ್ಲವಳು ದೊಡ್ಡವೆಂಕಟಮ್ಮ ಒಬ್ಬಳೇ. ಹಿಂದೆ ಇಂಥವಳು ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಸೂಚನೆಯೂ ಇಲ್ಲ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆಯೆತ್ತಿ, ಒಂದು ದಿನ ಕದಲದೆ ಕೂತುಬಿಡುತ್ತದೆ. ಆ ಕಡೆಯವರು ಅದನ್ನು ಜ್ವರ ಎನ್ನುತ್ತಾರೆ. ಜ್ವರ ಬಿಟ್ಟು ಎದ್ದ ಗಳಿಗೆಯನ್ನು ಸರಿಯಾಗಿ ಹಿಡಿದು ಸೊಪ್ಪು ಹಾಕಬೇಕು. ಮುಂಚೆ ಹಾಕಿದರೂ ಬೆಳೆ ಕೆಟ್ಟೀತು, ತಡವಾದರೂ ಕೆಟ್ಟೀತು. ಎದುರುಮನೆ ಕೋದಂಡರಾಮಪ್ಪ ಭೂತಗನ್ನಡಿ, ಟಾರ್ಚು, ಮೊಬೈಲು ಮೂರನ್ನೂ ಹಿಡಿದು ಅರ್ಧ ದಿನ ನೋಡಿದರೂ ಹೇಳಲಾಗದ್ದನ್ನು ಈಕೆ ಒಂದು ಸಲ ಬಗ್ಗಿ ನೋಡಿ ಹೇಳುತ್ತಿದ್ದಳು. "ಇನ್ನೂ ನಾಲ್ಕು ಗಂಟೆ ಹೊತ್ತೈತೆ" ಎಂದಳೆಂದರೆ, ಹುಳಗಳೇ ಹೆದರಿಕೊಂಡು ನಾಲ್ಕು ಗಂಟೆ ಕಾದು ಏಳುತ್ತಿದ್ದವು.

ಮನೆಯಲ್ಲಿ ಅವಳಿಗಿದ್ದ ಸಿಂಹಾಸನ ಇದೇ. ಮಗ ನಂದಕುಮಾರ ಹಿಪ್ಪುನೇರಳೆ ತೋಟ ನಡೆಸಲಿ, ಸೊಸೆ ಚಂದ್ರಕಲಾ ಮನೆ ನಡೆಸಲಿ, ಗಂಡ ಮುನಿಯಲ್ಲಪ್ಪ ಜಗಲಿಯ ಮೇಲೆ ಕೂತು ಇಡೀ ಲೋಕವನ್ನೇ ನಡೆಸಲಿ. ಹುಳುಮನೆಯ ಮೂರು ಮೆಟ್ಟಿಲು ಹತ್ತಿ "ಎದ್ದೈತೆ, ಸೊಪ್ಪು ಹಾಕ್ರಿ" ಎನ್ನುವ ಅಧಿಕಾರ ಅವಳದು.

ಆ ಮೂರು ಮೆಟ್ಟಿಲುಗಳು ಮೂರು ವರ್ಷಗಳಿಂದ ಬೆಳೆಯುತ್ತಾ ಬೆಳೆಯುತ್ತಾ ಅಂತರಗಂಗೆ ಬೆಟ್ಟದ ಎತ್ತರಕ್ಕೆ ಬಂದಿದ್ದವು. ಅದು ಅವಳ ಬಲ ಮಂಡಿಗೂ ಅವಳಿಗೂ ಮಾತ್ರ ಗೊತ್ತಿದ್ದ ಸಂಗತಿ. ಬಾಯಿ ಬಿಡುವಂತಿರಲಿಲ್ಲ. ಹಿಂದಿನ ಬೀದಿಯ ಭಾರತಮ್ಮ ಒಂದೇ ಒಂದು ಸಲ "ಮಂಡಿ ನೋಯ್ತದೆ ಕಣ್ರೋ" ಎಂದಿದ್ದಳು. ಮಕ್ಕಳು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮಡಿಲಿಗೆ ಅವರೆಕಾಯಿ ಸುರಿದರು. ಅವತ್ತಿನಿಂದ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೂಡ ಯಾರೂ ಅವಳನ್ನು ಕೇಳಿಲ್ಲ. ದೊಡ್ಡವೆಂಕಟಮ್ಮ ಅದನ್ನು ಕಣ್ಣಾರೆ ಕಂಡವಳು. ಆದ್ದರಿಂದ ಮೆಡಿಕಲ್ ಶಾಪಿನವನಿಗೆ ಮಂಡಿ ತೋರಿಸಿ ಮಾತ್ರೆ ತಂದು, ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಕೆಳಗಿಟ್ಟು, ಎಲೆ ಮೆಲ್ಲುವ ನೆಪದಲ್ಲಿ ನುಂಗುತ್ತಿದ್ದಳು. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂರಬೇಕಾದಾಗ ಮಾತ್ರ "ನಂಗೆ ಬೇರೆ ಕೆಲಸ ಐತೆ" ಎಂದು ಎದ್ದು ಹೋಗುತ್ತಿದ್ದಳು. ಚಂದ್ರಕಲಾ ಆ ಪಾತ್ರೆಗಳನ್ನು ಕುಕ್ಕುವ ಸದ್ದು ಕೋಲಾರದ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು.

ಈ ಮನೆಯಲ್ಲಿ ಒಂಬತ್ತು ವರ್ಷದ ಒಂದು ನಾಯಿ. ಹೆಸರು ಅಮಲ್ದಾರ. ಊರಿನ ಎಲ್ಲ ಹೊಲಗಳ ಎಲ್ಲೆಕಲ್ಲುಗಳನ್ನೂ ದಿನಕ್ಕೆರಡು ಸಲ ತಪಾಸಣೆ ಮಾಡಿ, ಒಂದೊಂದಕ್ಕೂ ಕಾಲೆತ್ತಿ ರುಜು ಹಾಕಿ ಬರುತ್ತಿದ್ದುದರಿಂದ ಮುನಿಯಲ್ಲಪ್ಪ ಇಟ್ಟ ಹೆಸರು. ತೋಟದಿಂದ ಸೊಪ್ಪು ತುಂಬಿದ ಟ್ರೇಲರ್ ಬಂದರೆ ಅದರ ಮೇಲೆ ರಾಜಠೀವಿಯಿಂದ ಕೂತು ಬಂದು, ಗಾಡಿ ನಿಲ್ಲುವ ಮೊದಲೇ ಹಾರಿ ಇಳಿಯುವುದು ಅವನ ಪದ್ಧತಿ. ಒಂದು ಬೆಳಗ್ಗೆ ಹಾಗೆ ಹಾರಿದವನು ಮುಂಗಾಲಲ್ಲಿ ನಿಂತ, ಹಿಂಗಾಲು ನಿಲ್ಲಲಿಲ್ಲ. ಸೊಂಟ ಮುರಿದ ಮಂಚದಂತೆ ಹಿಂಭಾಗ ಕುಸಿಯಿತು. ನಂದಕುಮಾರ ಓಡಿಬಂದು ಹೊಟ್ಟೆಗೆ ಕೈ ಹಾಕಿ ಎತ್ತಿದ್ದೇ ತಡ, ಒಂಬತ್ತು ವರ್ಷ ಬಾಲ ಅಲ್ಲಾಡಿಸಿದ ಪ್ರಾಣಿ ಅವನ ಕೈಯನ್ನು ಕಚ್ಚಿಬಿಟ್ಟಿತು.

ಮಧ್ಯಾಹ್ನ ಸೂಜಿ ಹಾಕಿಸಿಕೊಂಡು, ಕೈಗೆ ಬಟ್ಟೆ ಸುತ್ತಿಕೊಂಡು ನಂದಕುಮಾರ ಊಟಕ್ಕೆ ಕೂತ. ಎಡಗೈಯಲ್ಲಿ ಮುದ್ದೆ ಮುರಿಯಲು ಹೋಗಿ ಸಾರೆಲ್ಲ ಅಂಗಿಗೆ ಹಾರಿತು.

"ನಾಳೆ ಹುಳ ಬರ್ತವೆ. ಇದನ್ನ ಇಟ್ಕೊಂಡು ಏನ್ ಮಾಡ್ಲಿ? ಟೊಮೇಟೊ ಗಾಡಿಗೆ ಹಾಕಿ ಕೋಲಾರದ ಮಾರ್ಕೆಟ್ ಹತ್ರ ಬಿಟ್ ಬರ್ತೀನಿ."

"ನಡೆಯೋಕಾಗದ ನಾಯೀನ ಲಾರಿಗಳ ಮಧ್ಯ ಬಿಡ್ತೀಯಾ ಅಪ್ಪಾ?" ಎಂದಳು ಅವನ ಮಗಳು ಪವಿತ್ರ. ಕೋಲಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ. ಅಪ್ಪನ ಮಾತಿಗೆ ಅಡ್ಡ ಬರುವುದರಲ್ಲಿ ಜಿಲ್ಲೆಗೇ ಮೊದಲು.

"ನಿಂಗೆ ಕಚ್ಚಿದ್ರೆ ಗೊತ್ತಾಗ್ತಿತ್ತು."

"ಅದ್ಕೆ ಕೊಬ್ಬು ಕಣ್ರೋ, ಮತ್ತೇನಿಲ್ಲ" ಎಂದು ಮುನಿಯಲ್ಲಪ್ಪ ತೀರ್ಪು ಕೊಟ್ಟ. "ಬರೆ ಹಾಕ್ತೀನಿ. ಎರಡೇ ಬರೆ, ಸೊಂಟದ ಆ ಕಡೆ ಒಂದು, ಈ ಕಡೆ ಒಂದು. ಶ್ರೀನಿವಾಸಪುರದಿಂದ ಮುಳಬಾಗಿಲವರೆಗೂ ನನ್ನ ಬರೆ ತಿಂದು ಎದ್ದು ನಿಲ್ಲದ ಎತ್ತಿಲ್ಲ!"

ಮಾತು ಸುಳ್ಳಲ್ಲ, ತುಸು ಹಿಗ್ಗಿಸಿದ್ದು. ಕುಂಟುವ ದನಕ್ಕೆ ಕಾದ ಕುಡುಗೋಲಿನಿಂದ ಬರೆ ಎಳೆಯುವುದರಲ್ಲಿ ಅವನ ಕೈ ಹೆಸರಾಗಿತ್ತು. ಊಟ ಮುಗಿಸಿದವನೇ ಒಲೆಗೆ ಕುಡುಗೋಲು ಚುಚ್ಚಿ, ಮಾಲೂರಿನ ಇಟ್ಟಿಗೆ ಗೂಡುಗಳೆಲ್ಲ ಸೇರಿದರೂ ಆಗದಷ್ಟು ಕೆಂಪಗೆ ಕಾಯಿಸಿಕೊಂಡು ಅಂಗಳಕ್ಕೆ ಬಂದ. ಪವಿತ್ರ ನಾಯಿಯ ಮುಂದೆ ನಿಂತಳು. ದೊಡ್ಡವೆಂಕಟಮ್ಮ ಗಂಡನ ಮುಂದೆ ನಿಂತಳು.

"ಮೊದ್ಲು ನಿನ್ ಸೊಂಟಕ್ಕೆ ಹಾಕ್ಕೊ. ರಾತ್ರಿಯೆಲ್ಲ 'ಅಮ್ಮಾ ಅಮ್ಮಾ' ಅಂತ ನರಳ್ತೀಯಲ್ಲ, ಅದು ವಾಸಿಯಾದ್ರೆ ನಾಯಿಗೂ ಹಾಕೋವಂತೆ."

"ಊರುಕೋವೇ, ಸುಮ್ನಿರೇ! ನಾನೇನು ದನವಾ?" ಕೋಪ ಬಂದರೆ ಅವನ ನಾಲಿಗೆ ತೆಲುಗಿಗೆ ಜಾರುತ್ತಿತ್ತು.

"ಅದೂ ದನ ಅಲ್ವಲ್ಲ."

ಕುಡುಗೋಲು ಆರಿತು. ಸಂಜೆ ಗೂಡ್ಸ್ ಆಟೋದಲ್ಲಿ ಹಲಗೆಯ ಮೇಲೆ ಅಮಲ್ದಾರನನ್ನು ಮಲಗಿಸಿಕೊಂಡು ಅಜ್ಜಿ, ತಾತ, ಮೊಮ್ಮಗಳು ಕೋಲಾರಕ್ಕೆ ಹೊರಟರು. ನಾಯಿ ತಲೆ ಮುಟ್ಟಲು ಬಿಟ್ಟದ್ದು ದೊಡ್ಡವೆಂಕಟಮ್ಮನೊಬ್ಬಳಿಗೇ.

ಪವಿತ್ರ ಕಾಲೇಜಿಗೆ ಹೋಗುವ ದಾರಿಯಲ್ಲಿ ಬೋರ್ಡು ನೋಡಿದ್ದ, ಪ್ರಾಣಿಗಳ ಪುಟ್ಟ ಕ್ಲಿನಿಕ್ಕು ಅದು. ಡಾಕ್ಟರ್ ಮೇಘನ ಎನ್ನುವ ಮೂವತ್ತು ದಾಟದ ಹೆಣ್ಣುಮಗಳು. ಮುನಿಯಲ್ಲಪ್ಪನ ಕಣ್ಣಿಗೆ ಅವಳು ಆರಂಭದಲ್ಲೇ ಸೋತಳು: ಸೂಜಿ ತೆಗೆಯಲಿಲ್ಲ, ಬಾಯಿ ಕಟ್ಟಲಿಲ್ಲ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕಾಲು ಗಂಟೆ ನಾಯಿಯನ್ನು ಮುಟ್ಟಲೇ ಇಲ್ಲ.

"ಭಯ ಏನಮ್ಮಾ ಡಾಕ್ಟ್ರೇ?"

"ಭಯ ಅವನಿಗೆ ತಾತ. ಗುರ್ರ್ ಅನ್ನೋದು ಕೊಬ್ಬಲ್ಲ, ನೋಯುತ್ತೆ ಮುಟ್ಟಬೇಡಿ ಅಂತ ಹೇಳೋದು. ಅವನಿಗೆ ಬೇರೆ ಮಾತು ಬರಲ್ವಲ್ಲ." ಆಮೇಲೆ ಕೇಳಿದಳು, "ಇದಕ್ಕೆ ಮುಂಚೇನೂ ಕಷ್ಟಪಡ್ತಿದ್ನಾ? ಏಳುವಾಗ, ನಡೆಯುವಾಗ?"

"ಇಲ್ಲಪ್ಪಾ, ಹುಲಿ ಹಂಗಿದ್ದ" ಎಂದ ಮುನಿಯಲ್ಲಪ್ಪ.

"ಎದ್ದ ತಕ್ಷಣ ನಾಲ್ಕು ಹೆಜ್ಜೆ ಕುಂಟ್ತಾನೆ, ಆಮೇಲೆ ಸರಿಹೋಗುತ್ತೆ" ಎಂದಳು ದೊಡ್ಡವೆಂಕಟಮ್ಮ. ಎಲ್ಲರೂ ತಿರುಗಿದರು. "ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ನುಣ್ಣನೆ ನೆಲದ ಮೇಲೆ ಜಾರ್ತೀನೇನೋ ಅಂತ ಗೋಡೆ ಬದಿಗೇ ಹೋಗ್ತಾನೆ. ಮೋಡ ಕಟ್ಟಿದ್ರೆ ಜಾಸ್ತಿ. ಯಾರಾದ್ರೂ ನೋಡ್ತಾವ್ರೆ ಅಂದ್ರೆ ಕುಂಟೋದೇ ಇಲ್ಲ, ನೆಟ್ಟಗೆ ನಡೀತಾನೆ."

"ಇಷ್ಟು ಚೆನ್ನಾಗಿ ಯಾರೂ ಹೇಳಲ್ಲಮ್ಮ. ಹೇಗೆ ಗೊತ್ತಾಯ್ತು ನಿಮಗೆ?"

"ಮುಖ ನೋಡಿದ್ರೆ ಗೊತ್ತಾಗುತ್ತೆ."

ಇಷ್ಟು ಹೊತ್ತು ನಿಂತದ್ದಕ್ಕೆ ಅವಳ ಮಂಡಿಯೊಳಗೆ ಯಾರೋ ರಾಗಿ ಬೀಸತೊಡಗಿದ್ದರು. "ಆಟೋದವ್ನು ಇದಾನಾ ನೋಡ್ತೀನಿ" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಳಗೆ ಡಾಕ್ಟರು ಹೇಳಿದ್ದರಲ್ಲಿ ಮುಖ್ಯವಾದ ಮಾತು ಆಗ ಅವಳ ಕಿವಿಗೆ ತಪ್ಪಿತು: ಈ ಮಾತ್ರೆಯ ಜೊತೆ ಬೇರೆ ಯಾವ ನೋವಿನ ಮಾತ್ರೆಯೂ ಬೇಡ, ಮನುಷ್ಯರದ್ದಂತೂ ಕೊಡಲೇಬಾರದು.

ಮನೆಯಲ್ಲಿ ಅಂಥ ಮಾತ್ರೆಯೇ ಇಲ್ಲವೆಂದುಕೊಂಡು ಅದೊಂದನ್ನು ಬಿಟ್ಟು, ಮಿಕ್ಕಿದ್ದನ್ನು ಪವಿತ್ರ ಬರೆದುಕೊಂಡು ಬಂದಿದ್ದಳು. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ನರ ಒತ್ತಿದೆ. ಸೊಂಟದ ಕೀಲೂ ಸವೆದಿದೆ. ನರ ಸತ್ತಿಲ್ಲ, ಬೆರಳು ಚಿವುಟಿದರೆ ಕಾಲು ಎಳೆದುಕೊಳ್ಳುತ್ತಾನೆ. ಎರಡು ವಾರ ಕದಲದೆ ಮಲಗಬೇಕು. ಆಮೇಲೆ ಕಾಲು ಮಡಿಸಿ ಬಿಡಿಸುವುದು, ಬಿಸಿ ಉಪ್ಪಿನ ಶಾಖ, ಹೊಟ್ಟೆಗೆ ಬಟ್ಟೆ ಕಟ್ಟಿ ನಿಲ್ಲಿಸುವುದು. ದಿನಾ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕುವುದು. ಆರು ವಾರದಲ್ಲಿ ನಡೆಯಬಹುದು. ನಡೆಯದೆಯೂ ಇರಬಹುದು.

ಮರುದಿನ ಸಾಕಲು ಎಳೆಹುಳ ಬಂದವು. ನಂದಕುಮಾರ ನಾಯಿಯ ವಿಷಯ ಎತ್ತಿದ ಕೂಡಲೆ ಪವಿತ್ರ ಕೇಳಿದಳು.

"ಹುಳ ಜ್ವರಕ್ಕೆ ಕೂತಾಗ ನೀನು ಮುಟ್ತೀಯೇನಪ್ಪಾ?"

"ಹುಚ್ಚಾ ನಿಂಗೆ? ಉಸಿರು ಜೋರಾಗಿ ಬಿಡೋಕೂ ಬಿಡಲ್ಲ ನಾನು."

"ಒಂದು ಹುಳಕ್ಕೆ ಅಷ್ಟು. ಅಮಲ್ದಾರನೂ ಜ್ವರಕ್ಕೆ ಕೂತವ್ನೆ ಅನ್ಕೋ. ಹದಿನೈದು ದಿನದ ಜ್ವರ."

ನಂದಕುಮಾರ ಅಟ್ಟ ಹತ್ತಿದ. ಸಂಜೆಯಾಗುವಷ್ಟರಲ್ಲಿ ಅಟ್ಟದ ಮೇಲಿದ್ದ ಹಳೆಯ ಬಿದಿರಿನ ಚಂದ್ರಿಕೆಗಳು, ಹುಳ ಗೂಡು ಕಟ್ಟಲು ಬಿಡುವ ಆಳೆತ್ತರದ ತಟ್ಟಿಗಳು, ನಾಲ್ಕು ಇಳಿದುಬಂದವು. ಜಗಲಿಯ ಮೂಲೆಯಲ್ಲಿ ಅವನ್ನೇ ಗೋಡೆಯಾಗಿ ಕಟ್ಟಿ, ಕೆಳಗೆ ಗೋಣಿಚೀಲ ಹಾಸಿ, ಅಮಲ್ದಾರನಿಗೊಂದು ಅರಮನೆ ಎದ್ದಿತು. "ಕಚ್ಚಿದ್ದು ಮರೆತಿಲ್ಲ ಕಣೋ ನಾನು" ಎಂದು ನಾಯಿಗೆ ಹೇಳಿ, ಗೋಣಿಯ ಸುಕ್ಕು ತೆಗೆದು ಹೋದ.

ನೋವಿನ ಪಟ್ಟಿಯನ್ನು ಪವಿತ್ರ ಗೋಡೆಗೆ ಅಂಟಿಸಿದಳು. ಅಂಕ ಹಾಕುವ ಹೊತ್ತಿಗೆ ಆ ಮನೆಯಲ್ಲಿ ದಿನಾ ವಿಧಾನಸಭೆ ಸೇರುತ್ತಿತ್ತು.

"ಹತ್ತು!" ಎನ್ನುತ್ತಿದ್ದ ಮುನಿಯಲ್ಲಪ್ಪ. "ಹನ್ನೆರಡು ಹಾಕು."

"ಹತ್ತರ ಮೇಲೆ ಇಲ್ಲ ತಾತ."

"ಎರಡು ಹಾಕು, ನಿದ್ದೆ ಮಾಡ್ತಾವ್ನೆ" ಎಂದಳು ಚಂದ್ರಕಲಾ.

"ಅದು ನಿದ್ದೆಯಲ್ಲ ಕಣೇ" ಎಂದಳು ದೊಡ್ಡವೆಂಕಟಮ್ಮ. "ಕಣ್ಣು ಮುಚ್ಚವ್ನೆ, ಕಿವಿ ಹಿಂದಕ್ಕೆ ಎಳ್ಕೊಂಡವ್ನೆ ನೋಡು. ನೋವು ತಡ್ಕೊಳ್ಳೋವಾಗ ಹಂಗೇ ಮಲಗೋದು. ಆರು."

"ನಿಮ್ಗೆ ಎಲ್ಲಾ ಗೊತ್ತು ಅತ್ತೆ. ಪಾತ್ರೆ ಕಲ್ಲು ಎಲ್ಲೈತೆ ಅನ್ನೋದೊಂದು ಬಿಟ್ಟು."

ಎರಡನೆಯ ವಾರ ಮುಗಿಯುವ ಹೊತ್ತಿಗೆ ಹುಳಗಳು ನಾಲ್ಕನೇ ಜ್ವರದಿಂದ ಎದ್ದವು. ಆಮೇಲಿನ ಒಂದು ವಾರ ರೇಷ್ಮೆ ಮನೆಯವರಿಗೆ ಊಟ, ನಿದ್ದೆ, ನೆಂಟಸ್ತಿಕೆ ಮೂರೂ ನಿಷಿದ್ಧ. ಸೊಪ್ಪು ಮೇಯುವ ಸದ್ದು ಎಷ್ಟಿತ್ತೆಂದರೆ ಎದುರುಮನೆ ಕೋದಂಡರಾಮಪ್ಪ ಮಳೆ ಬಂತೆಂದು ಒಣಗಿಸಿದ್ದ ರಾಗಿ ಎತ್ತಿಟ್ಟುಕೊಂಡ. ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿಳಿದು ದೊಡ್ಡವೆಂಕಟಮ್ಮನ ಮಂಡಿ ಕುಂಬಳಕಾಯಿಯಂತೆ ಊದಿತು. ಒಂದಿದ್ದ ಮಾತ್ರೆ ಎರಡಾಯಿತು.

ಅದೇ ವಾರ ಮೋಡ ಕಟ್ಟಿತು. ಜಗಲಿಯಲ್ಲಿ ಅಮಲ್ದಾರ ಸದ್ದಿಲ್ಲದೆ ನಡುಗುತ್ತಿದ್ದ. ಕಡಲೆಯಷ್ಟು ಚಿಕ್ಕ ಡಾಕ್ಟರ ಮಾತ್ರೆಯನ್ನು ಅವಳು ನೋಡಿದಳು, ತನ್ನ ಚೀಲದಲ್ಲಿದ್ದ ದಪ್ಪ ಮಾತ್ರೆಯನ್ನೂ ನೋಡಿದಳು. "ನನ್ನ ಎತ್ತಿ ನಿಲ್ಲಿಸೋದು ನಿನ್ನ ನಿಲ್ಲಿಸಲ್ವೇನೋ" ಎಂದು ಅರ್ಧ ಮುರಿದು, ಮುದ್ದೆಯ ತುಣುಕಿನಲ್ಲಿಟ್ಟು ಬಾಯಿಗೆ ಹಾಕಿದಳು. ಸಾಯಂಕಾಲ ನಡುಕ ನಿಂತಿತು. ಮರುದಿನವೂ ಕೊಟ್ಟಳು. ಒಟ್ಟು ನಾಲ್ಕು ದಿನ. ಪಟ್ಟಿಯಲ್ಲಿ ಅಂಕ ಆರರಿಂದ ಮೂರಕ್ಕಿಳಿದಾಗ ಮುನಿಯಲ್ಲಪ್ಪ, ತಾನು ಯಾವುದೋ ಬೇರು ಅರೆದು ಸೊಂಟಕ್ಕೆ ಹಚ್ಚಿದ್ದರ ಫಲ ಎಂದು ಊರಿಗೆಲ್ಲ ಸಾರಿದ. ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಐದನೆಯ ದಿನ ಬೆಳಗ್ಗೆ ಅಮಲ್ದಾರ ಅನ್ನ ಮುಟ್ಟಲಿಲ್ಲ. ಕಪ್ಪಗೆ ಕಾಫಿಪುಡಿಯಂಥ ವಾಂತಿ ಮಾಡಿದ. ಒಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ನಿಂದೇ ಕಣಪ್ಪಾ ಇದೆಲ್ಲ! ಬೇರು ಗೀರು ಅಂತ ನೆಕ್ಕಿಸಿದ್ದೀಯ!" ಎಂದು ನಂದಕುಮಾರ ಅಪ್ಪನ ಮೇಲೆ ಹಾರಿದ.

"ನೆಕ್ಕಿಸಿಲ್ಲ ಕಣೋ, ಹಚ್ಚಿದೆ!"

"ನಾಯಿ ನೆಕ್ಕದೆ ಇರುತ್ತಾ?"

ಹುಳ ಮೇಯುವ ವಾರ ಹೊಸಿಲು ದಾಟದ ನಂದಕುಮಾರ, ಚಂದ್ರಕಲಾಳನ್ನು ಸೊಪ್ಪಿಗೆ ಬಿಟ್ಟು ತಾನೇ ಆಟೋ ಹತ್ತಿದ. ನಾಯಿಯನ್ನು ಹಲಗೆಯ ಮೇಲಿಟ್ಟುಕೊಂಡು ಎಲ್ಲರೂ ಕೋಲಾರ ಸೇರುವವರೆಗೆ ದೊಡ್ಡವೆಂಕಟಮ್ಮ ಎಲೆಅಡಿಕೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಎದುರಿಗೆ ಕೂತಿದ್ದ ಮುನಿಯಲ್ಲಪ್ಪ ಆ ಚೀಲವನ್ನೂ ಅವಳ ಮುಖವನ್ನೂ ನೋಡುತ್ತಿದ್ದ. ಐವತ್ತು ವರ್ಷದ ಸಂಸಾರ. ಅವಳು ಹುಳದ ಮುಖ ಓದಿದರೆ ಅವನಿಗೆ ಅವಳ ಮುಖ ಓದಲು ಬರದೇ?

"ಏನು ಕೊಟ್ಟಿರಿ ಇವನಿಗೆ?" ಡಾಕ್ಟರು ಒಸಡು ನೋಡಿದವಳೇ ಕೇಳಿದಳು. "ಬೇಗ ಹೇಳಿ."

ಎಲ್ಲರೂ ಮುನಿಯಲ್ಲಪ್ಪನ ಕಡೆ ನೋಡಿದರು. ಜೀವಮಾನವಿಡೀ ಮಾಡದ್ದನ್ನೂ ಮಾಡಿದೆನೆಂದು ಜಂಬ ಕೊಚ್ಚಿದ್ದ ಮನುಷ್ಯ, ಮಾಡದ ತಪ್ಪನ್ನು ಮಾಡಿದೆನೆಂದು ಮೊದಲ ಸಲ ಹೇಳಿದ.

"ನಾನೇ ಕಣಮ್ಮ. ಬೇರು ಅರೆದು ಕುಡಿಸಿದೆ."

"ಯಾವ ಬೇರು?"

"ಅದು... ಬೆಟ್ಟದ್ದು."

"ತಾತ, ಬೇರಿನ ವಿಷ ಆದ್ರೆ ನಾನು ಮಾಡೋ ಕೆಲಸ ಬೇರೆ, ಮಾತ್ರೆ ಆದ್ರೆ ಬೇರೆ. ತಪ್ಪು ದಾರಿ ಹಿಡಿದ್ರೆ ಅವನು ಉಳಿಯಲ್ಲ. ನಿಜ ಹೇಳಿ."

ಅಷ್ಟರಲ್ಲಿ ಸುಣ್ಣದ ಡಬ್ಬಿ ನೆಲಕ್ಕೆ ಬಿದ್ದ ಸದ್ದಾಯಿತು. ದೊಡ್ಡವೆಂಕಟಮ್ಮ ಚೀಲ ಬೋರಲು ಹಾಕಿದ್ದಳು. ಅಡಿಕೆ, ಎಲೆ, ಅವುಗಳ ಮಧ್ಯೆ ಅರ್ಧ ಖಾಲಿಯಾದ ಮಾತ್ರೆಯ ಹಾಳೆ.

"ಇದು. ದಿನಕ್ಕೆ ಅರ್ಧ, ನಾಲ್ಕು ದಿನ. ನಾನು ಕೊಟ್ಟಿದ್ದು. ಅವರು ಸುಳ್ಳು ಹೇಳ್ತಾವ್ರೆ."

ಡಾಕ್ಟರು ಹಾಳೆ ಎತ್ತಿ ನೋಡಿ, ಬೈಯಲಿಲ್ಲ. ನಾಯಿಯ ಕಾಲಿಗೆ ಡ್ರಿಪ್ ಹಾಕಿ, ಹೊಟ್ಟೆಯ ಹುಣ್ಣಿಗೆ ಸೂಜಿ ಕೊಟ್ಟು, ಅವನ ತಲೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು, "ಮನೇಲಿ ಯಾರು ತಗೋತಾರಮ್ಮ ಈ ಮಾತ್ರೆ?"

"ನಾನು. ಮಂಡಿಗೆ."

"ಯಾವ ಡಾಕ್ಟ್ರು ಬರೆದುಕೊಟ್ರು?"

"ಯಾರೂ ಇಲ್ಲ."

"ಎಷ್ಟು ದಿನದಿಂದ?"

"ಮೂರು ವರ್ಷ."

ನಂದಕುಮಾರ ಗೋಡೆಗೆ ಒರಗಿದ. "ಮೂರು ವರ್ಷಾನಾ ಅಮ್ಮಾ?"

"ಇವನ ಹೊಟ್ಟೆಗೆ ಮಾಡಿದ್ದನ್ನ ಈ ಮಾತ್ರೆ ನಿಮ್ಮ ಹೊಟ್ಟೆಗೂ ಮಾಡಿರಬಹುದಮ್ಮ" ಎಂದಳು ಡಾಕ್ಟರು. "ನಾನು ನಾಯಿ ಡಾಕ್ಟ್ರು, ನಿಮ್ಮನ್ನ ನೋಡೋ ಹಾಗಿಲ್ಲ. ನಾಳೇನೇ ನೋಡೋವರ ಹತ್ರ ಹೋಗಿ." ಮುನಿಯಲ್ಲಪ್ಪ ಹೊಸಿಲಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕ ಹೋಗಿ ಮೆಲ್ಲಗೆ ಹೇಳಿದಳು, "ಬರೆ ಹಾಕಿದ ದನ ಎದ್ದು ನಿಲ್ಲೋದೂ ಹೀಗೇ ತಾತ. ಹೊಸ ನೋವಿನ ಮುಂದೆ ಹಳೇ ನೋವು ಬಾಯಿ ಮುಚ್ಚಿಕೊಳ್ಳುತ್ತೆ. ವಾಸಿ ಆಗಿರಲ್ಲ."

ಮುನಿಯಲ್ಲಪ್ಪ ಅರ್ಧ ಗಂಟೆ ಮಾತಾಡದೆ ಕೂತದ್ದು ಕೋಲಾರ ಜಿಲ್ಲೆಯ ಚರಿತ್ರೆಯಲ್ಲಿ ಅದೊಂದೇ ಸಲ.

ಅಮಲ್ದಾರನನ್ನು ಮೂರು ದಿನ ಅಲ್ಲೇ ಬಿಡಬೇಕಾಯಿತು. ಮನೆಯಲ್ಲಿ ಸೊಪ್ಪು ಹಾಕಿ ಮುಗಿಸಿ ಊಟಕ್ಕೆ ಕೂತಾಗ ಚಂದ್ರಕಲಾ ಅನ್ನದ ಪಾತ್ರೆ ಕೆಳಗಿಟ್ಟು ಶುರುಮಾಡಿದಳು.

"ಕೂರೋಕಾಗಲ್ಲ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ? ಪಾತ್ರೆ ಬಿಟ್ಟು ಎದ್ದು ಹೋದ್ರೆ ನಾನೇನು ಅಂದ್ಕೋಬೇಕು? ಮೂರು ವರ್ಷ ಊರೆಲ್ಲ ನಿಮ್ಮನ್ನ ಬೈಕೊಂಡು ಬಂದೆ!"

"ಬೈಕೊಂಡು ಬಂದ್ಯಾ?"

"ಬಂದೆ! ನಮ್ಮಮ್ಮನ ಮನೇಲೂ ಬೈದೆ, ಶ್ರೀನಿವಾಸಪುರದ ಮದುವೇಲೂ ಬೈದೆ! ಈಗ ಒಬ್ಬೊಬ್ಬರ ಮನೆಗೂ ಹೋಗಿ ವಾಪಸ್ ತಗೋಬೇಕು!"

ಪವಿತ್ರ ನಗು ತಡೆಯಲಾರದೆ ನೀರು ಕುಡಿಯಲು ಹೋಗಿ ಕೆಮ್ಮಿದಳು. ದೊಡ್ಡವೆಂಕಟಮ್ಮನಿಗೆ ನಗು ಬರಲಿಲ್ಲ.

"ಹೇಳಿದ್ರೆ ಕುರ್ಚಿ ತರ್ತೀರಿ. ಮಡಿಲಿಗೆ ಅವರೆಕಾಯಿ ಹಾಕ್ತೀರಿ. ಭಾರತಮ್ಮನ್ನ ನೋಡಿಲ್ವಾ ನಾನು? ಮೆಟ್ಟಿಲು ಹತ್ತೋಕಾಗದೋಳನ್ನ ಹುಳುಮನೆ ವಿಷಯ ಯಾರು ಕೇಳ್ತಾರೆ?"

ನಂದಕುಮಾರ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತ. ಊಟವಾದ ಮೇಲೆ ಚಂದ್ರಕಲಾ ಪಾತ್ರೆ ಒಯ್ದಳು. ಅವತ್ತು ಕುಕ್ಕಲಿಲ್ಲ.

ಕೀಲು ಡಾಕ್ಟರು ಮಂಡಿಯ ಫೋಟೊ ತೆಗೆಸಿ, ಸವೆದಿದೆ, ಆದರೆ ಇನ್ನೂ ಕೊಯ್ಯುವಷ್ಟಲ್ಲ ಎಂದರು. ಆ ಮಾತ್ರೆ ನಿಲ್ಲಿಸಿದರು, ಹೊಟ್ಟೆಗೆ ಔಷಧಿ ಕೊಟ್ಟರು. ಕೂತು ಕಾಲು ನೀಡಿ ಹತ್ತು ಎಣಿಸುವ ವ್ಯಾಯಾಮ ದಿನಾ ಎರಡು ಹೊತ್ತು. ದೊಡ್ಡವೆಂಕಟಮ್ಮ "ಹ್ಞೂಂ" ಎಂದಳು. ಎರಡು ದಿನ ಮಾಡಿ ಬಿಟ್ಟಳು.

ಅಮಲ್ದಾರ ಎಲುಬುಗೂಡಾಗಿ ಮನೆಗೆ ಬಂದ. ಹುಳ ಗೂಡು ಕಟ್ಟಿದವು, ಗೂಡು ಮಾರ್ಕೆಟ್ಟಿಗೆ ಹೋದವು, ಹುಳುಮನೆ ತೊಳೆದು ಸುಣ್ಣ ಬಳಿದಾಯಿತು. ಆ ಬಿಡುವಿನ ವಾರಗಳಲ್ಲಿ ನಾಯಿಯ ಕಾಲಿನ ಗುತ್ತಿಗೆಯನ್ನು ಮುನಿಯಲ್ಲಪ್ಪ ಹಿಡಿದ. ಬೆಳಗ್ಗೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ, ಮೊದಲು ತನ್ನ ಕೆನ್ನೆಗಿಟ್ಟು ಬಿಸಿ ನೋಡಿ, ಆಮೇಲೆ ಅದರ ಸೊಂಟಕ್ಕಿಡುತ್ತಿದ್ದ. ಕಾಲನ್ನು ಸೈಕಲ್ ತುಳಿಸಿದಂತೆ ಮಡಿಸಿ ಬಿಡಿಸುತ್ತಿದ್ದ. ಬರೆ ಹಾಕುತ್ತಿದ್ದ ಅದೇ ಕೈ, ಮೊದಮೊದಲು ಎಲ್ಲಿ ಒತ್ತಿಬಿಡುತ್ತೇನೋ ಎಂದು ಬೆರಳ ತುದಿಯಲ್ಲಷ್ಟೇ ಹಿಡಿಯುತ್ತಿತ್ತು. ಡಾಕ್ಟರು ನೀರಲ್ಲಿ ನಡೆಸಿ ಎಂದಾಗ, ದನದ ನೀರಿನ ತೊಟ್ಟಿಗೆ ಉಗುರುಬೆಚ್ಚಗೆ ನೀರು ತುಂಬಿಸಿ, ಪಂಚೆ ಎತ್ತಿಕಟ್ಟಿ ತಾನೇ ಇಳಿದ. ಚಂದ್ರಕಲಾ ಕೊಟ್ಟ ಹಳೇ ಸೀರೆಯನ್ನು ನಾಯಿಯ ಹೊಟ್ಟೆಯಡಿ ತೂರಿಸಿ, ಒಂದು ತುದಿ ನಂದಕುಮಾರ, ಒಂದು ತುದಿ ಪವಿತ್ರ ಹಿಡಿದರು.

"ನಡಿಯೋ ಅಮಲ್ದಾರ. ನೀರು ನಿನ್ನ ಭಾರ ಹೊರುತ್ತೆ, ನೀನು ಕಾಲಾಡ್ಸು ಸಾಕು. ನಡಿ ನಾಯನಾ, ನಡಿ!"

ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ನಾಯಿ ತಾತನ ಮುಖಕ್ಕೆ ನೀರು ಕೊಡವಿತು. ಎಂಟನೇ ದಿನ ಎಡ ಹಿಂಗಾಲು ತಾನೇ ಮುಂದೆ ಬಂತು. ಮುನಿಯಲ್ಲಪ್ಪ ಕೂಗಿದ ಕೂಗಿಗೆ ಬೆಟ್ಟದ ಕೋತಿಗಳೆಲ್ಲ ಒಂದು ಮರ ದಾಟಿ ಕೂತವು.

"ವೆಂಕಟಮ್ಮಾ! ನೋಡ್ದ್ಯಾ? ನೋವೈತೆ ಅಂತ ಒಪ್ಕೊಂಡವ್ನು ನಡೀತಾವ್ನೆ! ನೀನು ಯಾವಾಗ ನಿನ್ನ ಕಾಲು ನೀಡೋದು?"

"ಊರಿಗೆಲ್ಲ ಕೇಳಿಸ್ಬೇಡ, ನೀಡ್ತೀನಿ" ಎಂದಳು. ಅವತ್ತು ಸಂಜೆ ಜಗಲಿಯಲ್ಲಿ ಒಂದು ಕಡೆ ನಾಯಿ ಕಾಲು ನೀಡಿತು, ಇನ್ನೊಂದು ಕಡೆ ಅವಳು ನೀಡಿದಳು, ಮುನಿಯಲ್ಲಪ್ಪ ಇಬ್ಬರಿಗೂ ಎಣಿಸಿದ. ಹತ್ತಕ್ಕೆ ನಿಲ್ಲಿಸು ಎಂದರೆ ಹದಿನೈದಕ್ಕೆ ಹೋಗುತ್ತಿದ್ದ.

ಮುಂದಿನ ಬೆಳೆಗೆ ಹುಳ ಬಂದವು. ಮೂರನೇ ಜ್ವರ ಕಳೆಯಿತು, ನಾಲ್ಕನೇ ಜ್ವರಕ್ಕೆ ಕೂತವು. ಆ ಮಧ್ಯಾಹ್ನ ಸೊಪ್ಪಿನ ರಾಶಿಯ ಮುಂದೆ ಎಲ್ಲರೂ ನಿಂತಿದ್ದರು. ನಂದಕುಮಾರ ಒಳಗಿನಿಂದ ಕರೆದ, "ಅಮ್ಮಾ, ಎದ್ದೈತಾ ನೋಡು ಬಾ."

ದೊಡ್ಡವೆಂಕಟಮ್ಮ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಬೆಳಗ್ಗೆಯಿಂದ ಮೋಡ. ಮಂಡಿಯೊಳಗೆ ಬೀಸುವ ಕಲ್ಲು ತಿರುಗಿತು. ಮಾತ್ರೆಯಿದ್ದಿದ್ದರೆ ಹತ್ತಿರುತ್ತಿದ್ದಳು. ಹಲ್ಲು ಕಚ್ಚಿಯೂ ಹತ್ತಬಹುದಿತ್ತು. ಮೂರು ವರ್ಷ ಹತ್ತಿದ್ದಳು. ಸೊಸೆ ನೋಡುತ್ತಿದ್ದಳು, ಮೊಮ್ಮಗಳು ನೋಡುತ್ತಿದ್ದಳು. ಕಾಲನ್ನು ಕೆಳಗಿಳಿಸಿದಳು.

"ನೋಯ್ತಾ ಐತೆ ಕಣೋ" ಎಂದಳು. "ಇವತ್ತು ಹತ್ತೋಕಾಗಲ್ಲ."

ಆಕಾಶ ಕಳಚಿ ಬೀಳುತ್ತದೆಂದು ಅವಳು ಕಾದಳು. ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ನಂದಕುಮಾರ ಬಾಗಿಲಿಗೆ ಬಂದ. ಒಂದು ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದಿದ್ದ. ತಟ್ಟೆಯಲ್ಲಿ ಒಂದೇ ಹಿಪ್ಪುನೇರಳೆ ಕಡ್ಡಿ, ಅದರ ಮೇಲೆ ಹತ್ತು ಹನ್ನೆರಡು ಹುಳ. ಹುಳುಮನೆಯಲ್ಲಿ ಜೋರಾಗಿ ಉಸಿರಾಡಲು ಬಿಡದ ಮನುಷ್ಯ, ತುಂಬಿದ ಹಾಲಿನ ಕೊಡ ಹೊತ್ತವನಂತೆ ಒಂದೊಂದೇ ಮೆಟ್ಟಿಲು ಇಳಿದು, ಅಮ್ಮನ ಕಣ್ಣಿನ ಮುಂದೆ ತಟ್ಟೆ ಹಿಡಿದು ನಿಂತ.

"ನೋಡು. ಏನ್ ಮಾಡ್ಲಿ ಹೇಳು."

ಅಂಗಳದ ಆ ತುದಿಯಿಂದ ಅಮಲ್ದಾರ ಎದ್ದ. ನಾಲ್ಕು ಹೆಜ್ಜೆ ಕುಂಟಿದ, ಆಮೇಲೆ ಸರಿಹೋಯಿತು. ಸೊಂಟ ಒಂದು ಕಡೆ ವಾಲಿಸಿಕೊಂಡು, ಯಾರ ಸೀರೆಯ ಹಂಗೂ ಇಲ್ಲದೆ ಅಂಗಳ ದಾಟಿ ಬಂದು ಅವಳ ಕಾಲ ಹತ್ತಿರ ಮಲಗಿದ. ಅವನ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ದೊಡ್ಡವೆಂಕಟಮ್ಮನ ಬಾಯಿಯನ್ನು.

ಅವಳು ಬಗ್ಗಿದಳು. ಜ್ವರ ಬಿಟ್ಟ ಗುರುತಿಗೆ ಮೂತಿ ಕಂದಾಗಿದೆಯೇ, ಚರ್ಮ ಸುಕ್ಕು ಬಿದ್ದಿದೆಯೇ, ಒಂದೊಂದನ್ನೇ ನೋಡಿದಳು. ಯಾವ ಆತುರವನ್ನೂ ಮಾಡಲಿಲ್ಲ.

"ಇನ್ನೂ ಕಾಲು ಭಾಗ ಎದ್ದಿಲ್ಲ. ಸಾಯಂಕಾಲ ಹಾಕ್ರಿ ಸೊಪ್ಪು" ಎಂದಳು. "ಅಲ್ಲಾಡಿಸ್ದೆ ಒಳಗಿಡೋ. ಚಂದ್ರಕಲಾ, ನಂಗೊಂದು ಕುರ್ಚಿ ಹಾಕು. ಇಲ್ಲೇ ಹಾಕು, ಹುಳುಮನೆ ಬಾಗಿಲ ಎದುರಿಗೆ."